ಒಂದೇ ಬಾಣಲೆಯ ತುಪ್ಪ: ಒಂದು ಡಬ್ಬಿಯಲ್ಲಿ ಹರಳು, ಇನ್ನೊಂದರಲ್ಲಿ ನುಣುಪು. ಯಾಕೆ?

ಎಮ್ಮೆಹಾಲು_ತುಮಕೂರು:
ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಮೂರು ದಿನದಿಂದ ತಲೆ ಕೊರೆಯುತ್ತಿದೆ. ಭಾನುವಾರ ಎರಡು ಕೆಜಿ ಎಮ್ಮೆ ಬೆಣ್ಣೆ ಕಾಸಿದೆ. ಒಂದೇ ಬಾಣಲೆ, ಒಂದೇ ಉರಿ, ಸೋಸಿದ್ದೂ ಒಂದೇ ಸಲ. ಅರ್ಧವನ್ನು ಸ್ಟೀಲ್ ಡಬ್ಬಿಗೆ ಹಾಕಿ ಒಲೆ ಪಕ್ಕದ ಗೂಡಿನಲ್ಲಿ ಇಟ್ಟೆ. ಉಳಿದರ್ಧ ಬೆಂಗಳೂರಿಗೆ, ಮಗಳ ಮನೆಗೆ. ಬಸ್ಸಿನಲ್ಲಿ ಚೆಲ್ಲಬಾರದು, ಬೇಗ ಗಟ್ಟಿಯಾಗಲಿ ಅಂತ ಎರಡು ಸಣ್ಣ ಗಾಜಿನ ಬಾಟಲಿಗೆ ಹಾಕಿ, ಕೈಗೆ ಬಿಸಿ ತಾಗದಷ್ಟು ಆರಿದ ಕೂಡಲೇ ಫ್ರಿಜ್ಜಿನಲ್ಲಿಟ್ಟೆ. ಮಾರನೇ ದಿನ ನೋಡಿದರೆ ಡಬ್ಬಿಯದು ಸಣ್ಣ ರವೆಯ ಹಾಗೆ ಹರಳು ಹರಳು, ಮೇಲೆ ಚೂರು ತಿಳಿ ನಿಂತಿದೆ. ಬಾಟಲಿಗಳದ್ದು ಮುಲಾಮಿನ ಹಾಗೆ ನುಣ್ಣಗೆ, ಒಂದು ಹರಳೂ ಇಲ್ಲ. ಮಗಳು ಫೋನ್ ಮಾಡಿ "ಅಮ್ಮಾ, ಇದು ನೀನೇ ಕಾಸಿದ್ದಾ?" ಅಂತ ಕೇಳಿದಳು. ಮನಸ್ಸಿಗೆ ತುಂಬ ಬೇಜಾರಾಯಿತು. ಇದು ಯಾಕೆ ಹೀಗಾಗುತ್ತದೆ, ತಿಳಿದವರು ಹೇಳಿ.

ಹಳ್ಳಿತುಪ್ಪ:
ಅಕ್ಕ, ಹರಳು ಬಂದರೆ ಅಸಲಿ, ಬರದಿದ್ದರೆ ಕಲಬೆರಕೆ. ನಮ್ಮ ಕಡೆ ಹಿಂದಿನಿಂದ ಹೀಗೇ ನೋಡುವುದು. ಬೆಣ್ಣೆ ಕೊಟ್ಟವರನ್ನು ಒಮ್ಮೆ ವಿಚಾರಿಸಿ.

ಎಮ್ಮೆಹಾಲು_ತುಮಕೂರು:
ಬೆಣ್ಣೆ ಎರಡಕ್ಕೂ ಒಂದೇ ಅಂದೆನಲ್ಲ. ಕಲಬೆರಕೆ ಆಗಿದ್ದರೆ ಡಬ್ಬಿಯದೂ ಹಾಗೇ ಇರಬೇಕಿತ್ತು, ಅಲ್ವಾ?

ಡೇರಿಲ್ಯಾಬ್_ಹಳಬ:
ಅಮ್ಮಾ, ನೀವು ಹೇಳಿದ್ದೇ ಸರಿ. ನಿಮ್ಮ ಬೆಣ್ಣೆಯಲ್ಲಿ ಏನೂ ತಪ್ಪಿಲ್ಲ. ನಾನು ಡೇರಿಯ ಲ್ಯಾಬಿನಲ್ಲಿ ತುಂಬ ವರ್ಷ ಇದ್ದವನು, ಈ ಪ್ರಶ್ನೆ ನನಗೆ ಬಹಳ ಇಷ್ಟ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ತುಪ್ಪ ಅಂದರೆ ಒಂದು ವಸ್ತು ಅಂದುಕೊಳ್ಳುತ್ತೇವೆ. ಅದು ಒಂದಲ್ಲ, ನೂರಾರು ಬಗೆಯ ಕೊಬ್ಬಿನ ಅಣುಗಳ ಸಂತೆ. ಪ್ರತಿ ಅಣುವಿನಲ್ಲೂ ಗ್ಲಿಸರಾಲ್ ಅನ್ನುವ ಚಿಕ್ಕ ಹಿಡಿ, ಅದಕ್ಕೆ ಅಂಟಿಕೊಂಡ ಮೂರು ಬಾಲ. ಬಾಲ ಅಂದರೆ ಕೊಬ್ಬಿನ ಆಮ್ಲ. ಫ್ರಾನ್ಸಿನ ಷೆವ್ರಲ್ ಅನ್ನುವವರು 1823ರ ಹೊತ್ತಿಗೇ ಇದನ್ನು ಬಿಡಿಸಿ ತೋರಿಸಿದ್ದರು. ಮೂರು ಬಾಲ ಇರುವುದರಿಂದ ಟ್ರೈಗ್ಲಿಸರೈಡ್ ಅಂತ ಹೆಸರು. ಈ ಬಾಲಗಳಲ್ಲಿ ಕೆಲವು ನೆಟ್ಟಗೆ, ಕೆಲವು ಸೊಟ್ಟ, ಕೆಲವು ಗಿಡ್ಡ. ಸ್ಟಿಯರಿಕ್ ಆಮ್ಲ 18 ಇಂಗಾಲದ ನೆಟ್ಟಗಿನ ಬಾಲ. ಅದೊಂದನ್ನೇ ಬೇರೆ ಮಾಡಿ ಇಟ್ಟರೆ ಸುಮಾರು 69 ಡಿಗ್ರಿವರೆಗೆ ಕರಗುವುದಿಲ್ಲ. ಓಲಿಯಿಕ್ ಆಮ್ಲದಲ್ಲೂ ಇಂಗಾಲ ಹದಿನೆಂಟೇ, ಆದರೆ ನಡುವೆ ಒಂದು ಕಡೆ ಮೊಣಕೈ ಹಾಗೆ ಮಡಚಿದೆ. ಅಷ್ಟಕ್ಕೇ ಅದು 13-16 ಡಿಗ್ರಿಯಲ್ಲಿ ನೀರಾಗಿಬಿಡುತ್ತದೆ. ಒಂದು ಸೊಟ್ಟಕ್ಕೆ ಐವತ್ತು ಡಿಗ್ರಿಗೂ ಮೀರಿದ ವ್ಯತ್ಯಾಸ!

ಯಾಕೆ ಅಂದರೆ, ಗಟ್ಟಿಯಾಗುವುದು ಅಂದರೆ ಒಟ್ಟುವುದು. ಮಳೆಗಾಲಕ್ಕೆ ಮುಂಚೆ ಸೌದೆ ಒಟ್ಟುವುದನ್ನು ನೋಡಿದ್ದೀರಲ್ಲ? ನೆಟ್ಟಗಿನ ಕಟ್ಟಿಗೆ ಒಂದಕ್ಕೊಂದು ಒತ್ತಿಕೊಂಡು ಕೂರುತ್ತವೆ, ಎಳೆದರೂ ಬರುವುದಿಲ್ಲ. ಸೊಟ್ಟ ಕಟ್ಟಿಗೆ ಸೇರಿದರೆ ಸಂದು ಬೀಳುತ್ತದೆ, ರಾಶಿ ಸಡಿಲ. ಈಗ ಅದೇ ಕಟ್ಟಿಗೆಯನ್ನು ಅವಸರದಲ್ಲಿ ಗಾಡಿಯಿಂದ ಸುರಿದರೆ ಒಂದು ಥರ ರಾಶಿ ಆಗುತ್ತದೆ. ಕೂತು ಒಂದೊಂದೇ ಜೋಡಿಸಿದರೆ ಇನ್ನೊಂದು ಥರ. ಕಟ್ಟಿಗೆ ಅದೇ, ಒಟ್ಟಿದ ರೀತಿ ಬೇರೆ. ಕೊಬ್ಬಿನಲ್ಲೂ ಇದೇ ಆಗುತ್ತದೆ. ಅವಸರದ ರಾಶಿಗೆ ಆಲ್ಫಾ ಅಂತಾರೆ, ಬೇಗ ಹುಟ್ಟಿ ಬೇಗ ಕರಗುತ್ತದೆ. ಸ್ವಲ್ಪ ಅಚ್ಚುಕಟ್ಟಾದದ್ದು ಬೀಟಾ ಪ್ರೈಮ್. ತೀರಾ ಒತ್ತಾಗಿ ಜೋಡಿಸಿದ್ದು ಬೀಟಾ, ಅದು ಕರಗಲು ಎಲ್ಲಕ್ಕಿಂತ ಜಾಸ್ತಿ ಬಿಸಿ ಬೇಕು.

ನಿಮ್ಮ ಡಬ್ಬಿಗೆ ಬರೋಣ. ಒಲೆ ಪಕ್ಕದ ಗೂಡಿನಲ್ಲಿ ಅದು ರಾತ್ರಿಯಿಡೀ ನಿಧಾನಕ್ಕೆ ತಣಿಯಿತು. ಮೊದಲು ಗಟ್ಟಿಯಾಗುವುದು ನೆಟ್ಟಗಿನ ಉದ್ದ ಬಾಲದ ಅಣುಗಳು. ಸುತ್ತಲೂ ಇನ್ನೂ ಬಿಸಿ ಎಣ್ಣೆ ಇರುವುದರಿಂದ ಅವಕ್ಕೆ ಓಡಾಡಲು ಜಾಗ, ತಮ್ಮವರನ್ನು ಹುಡುಕಿಕೊಳ್ಳಲು ಸಮಯ. ಹುಟ್ಟಿದ ಹರಳಿನ ಮೊಳಕೆಗಳು ಕಡಿಮೆ, ಹಾಗಾಗಿ ಒಂದೊಂದೂ ದೊಡ್ಡದಾಗಿ ಬೆಳೆಯಿತು. ಸೊಟ್ಟ ಬಾಲದವು ಹೊರಗೇ ಉಳಿದು ತಿಳಿಯಾಗಿ ಮೇಲೆ ನಿಂತವು. ಫ್ರಿಜ್ಜಿನಲ್ಲಿ ಇದಕ್ಕೆ ಪೂರಾ ಉಲ್ಟಾ. ಬಾಟಲಿ ಚಿಕ್ಕದು, ಚಳಿ ಜೋರು, ಒಂದೇ ಹೊತ್ತಿಗೆ ಲಕ್ಷಗಟ್ಟಲೆ ಮೊಳಕೆ ಹುಟ್ಟಿದವು. ಉದ್ದ ಗಿಡ್ಡ ಸೊಟ್ಟ ಎಲ್ಲ ಒಂದೇ ಹರಳಿನಲ್ಲಿ ಸಿಕ್ಕಿಕೊಂಡವು. ಯಾವ ಹರಳಿಗೂ ಬೆಳೆಯುವಷ್ಟು ಪುರಸೊತ್ತಿಲ್ಲ. ಹರಳು ಅಲ್ಲೂ ಇದೆ ಅಮ್ಮ, ನಾಲಿಗೆಗೆ ಗೊತ್ತಾಗದಷ್ಟು ಸಣ್ಣದು, ಅಷ್ಟೇ.

ಇನ್ನೊಂದು ಮಾತು. ಗಟ್ಟಿ ತುಪ್ಪ ಪೂರ್ತಿ ಗಟ್ಟಿಯಲ್ಲ. ಹಾಲಿನ ಕೊಬ್ಬಿನಲ್ಲಿ 5 ಡಿಗ್ರಿಗೆ ಸುಮಾರು ಅರ್ಧದಷ್ಟೇ ಹರಳಾಗಿರುತ್ತದೆ, 20 ಡಿಗ್ರಿಯಲ್ಲಿ ಸುಮಾರು ಐದನೇ ಒಂದು ಪಾಲು. ಉಳಿದದ್ದೆಲ್ಲ ಎಣ್ಣೆಯೇ. ಸಣ್ಣ ಹರಳುಗಳು ಒಂದಕ್ಕೊಂದು ಅಂಟಿ ಬಲೆ ಹೆಣೆದು ಆ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಬಲೆ ಸಣ್ಣ ಕಣ್ಣಿನದಾದರೆ ಎಣ್ಣೆ ಜಾರುವುದಿಲ್ಲ, ನುಣ್ಣಗೆ ಬಿಗಿಯಾಗಿ ಕೂರುತ್ತದೆ. ದೊಡ್ಡ ಕಣ್ಣಿನದಾದರೆ ತಿಳಿ ಬೇರೆ ನಿಲ್ಲುತ್ತದೆ. ನಿಮ್ಮ ಎರಡೂ ಪಾತ್ರೆಯಲ್ಲಿ ಆದದ್ದು ಇಷ್ಟೇ. ತಿಳಿದುಪ್ಪ (ಕರಗಿದ್ದು), ಹೆರೆದುಪ್ಪ (ಗಟ್ಟಿಯಾದದ್ದು) ಅಂತ ಕನ್ನಡದಲ್ಲಿ ಹಳೆಯ ಮಾತುಗಳಿವೆ, ನನಗೆ ಅವು ಬಹಳ ಪ್ರೀತಿ. ಆದರೆ ನಿಮ್ಮ ಡಬ್ಬಿಯಲ್ಲಿ ಎರಡೂ ಒಟ್ಟಿಗೇ ಇವೆ.

ಹಳ್ಳಿತುಪ್ಪ:
ಸರ್, ವಿವರಣೆ ಚೆನ್ನಾಗಿದೆ. ಆದರೂ ಒಂದು ಅನುಮಾನ. ಹರಳು ನೋಡಿ ತುಪ್ಪ ಕೊಳ್ಳುವುದು ಪೂರ್ತಿ ತಪ್ಪಾ? ನಮ್ಮಜ್ಜಿ ಬೆರಳಲ್ಲಿ ಉಜ್ಜಿ ನೋಡಿಯೇ ತೆಗೆದುಕೊಳ್ಳುತ್ತಿದ್ದರು.

ಡೇರಿಲ್ಯಾಬ್_ಹಳಬ:
ಅಜ್ಜಿಯ ಕಾಲದಲ್ಲಿ ಊರಿನ ತುಪ್ಪ ಎಲ್ಲ ನಿಧಾನಕ್ಕೇ ತಣಿಯುತ್ತಿತ್ತು, ಹಾಗಾಗಿ ಆ ಲೆಕ್ಕ ನಡೆಯುತ್ತಿತ್ತು. ಈಗ ನಂಬಬೇಡಿ. ವನಸ್ಪತಿ, ಅಂದರೆ ಡಾಲ್ಡಾದಂಥದ್ದು, ತಯಾರಿಸುವವರಿಗೆ ಈ ಗುಟ್ಟು ಚೆನ್ನಾಗಿ ಗೊತ್ತಿತ್ತು. ಡಬ್ಬ ತುಂಬಿದ ಮೇಲೆ ಹದವಾದ ಬಿಸಿಯ ಕೋಣೆಯಲ್ಲಿಟ್ಟು ನಿಧಾನಕ್ಕೆ ತಣಿಸಿ, ಬೇಕೆಂದೇ ಹರಳು ಬರಿಸುತ್ತಿದ್ದರು. ಜನರಿಗೆ ತುಪ್ಪದ ಹಾಗೆ ಕಾಣಬೇಕಲ್ಲ. ಅದಕ್ಕೇ ಸರ್ಕಾರ ವನಸ್ಪತಿಗೆ ನೂರಕ್ಕೆ 5ರಷ್ಟು ಎಳ್ಳೆಣ್ಣೆ ಸೇರಿಸಲೇಬೇಕು ಅಂತ ನಿಯಮ ಮಾಡಿತು. ತುಪ್ಪಕ್ಕೆ ವನಸ್ಪತಿ ಬೆರೆಸಿದ್ದರೆ ಬೋಡೌಯಿನ್ ಪರೀಕ್ಷೆಯಲ್ಲಿ ಆ ಎಳ್ಳೆಣ್ಣೆ ಕೆಂಪು ಬಣ್ಣ ಕೊಟ್ಟು ಸಿಕ್ಕಿಬೀಳುತ್ತದೆ. ಕಣ್ಣಿಗೆ ಕಾಣುವ ಹರಳು ಸಾಕ್ಷಿ ಆಗಿದ್ದಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ.

ಮೇವಿನಿಂದಲೂ ವ್ಯತ್ಯಾಸ ಬರುತ್ತದೆ. ಹಸಿರು ಹುಲ್ಲು ಜಾಸ್ತಿ ಮೇಯ್ದರೆ ಓಲಿಯಿಕ್ ಹೆಚ್ಚಿ ಬೆಣ್ಣೆ ಮೆದು. ಹತ್ತಿಕಾಳಿನ ಹಿಂಡಿ ತಿನ್ನಿಸಿದರೆ ಗಟ್ಟಿ, ಹರಳೂ ದಪ್ಪ. ಸೌರಾಷ್ಟ್ರದಂಥ ಹತ್ತಿ ಬೆಳೆಯುವ ಪ್ರದೇಶದ ತುಪ್ಪಕ್ಕೆ ಅಳತೆಯ ಮಾನದಂಡವನ್ನೇ ಬೇರೆ ಇಡಬೇಕಾಯಿತು. ಎಮ್ಮೆ ತುಪ್ಪ ಹಸುವಿನ ತುಪ್ಪಕ್ಕಿಂತ ದಪ್ಪ ಹರಳು ಕಟ್ಟುವುದೂ ಅದರ ಕೊಬ್ಬಿನಲ್ಲಿ ನೆಟ್ಟಗಿನ ಬಾಲಗಳ ಪಾಲು ಜಾಸ್ತಿ ಇರುವುದರಿಂದಲೇ.

ಕೊಬ್ಬರಿಎಣ್ಣೆ_ತಿಪಟೂರು:
ನಾನೂ ಒಂದು ಕೇಳುತ್ತೇನೆ. ಡಿಸೆಂಬರ್ ಬೆಳಿಗ್ಗೆ ನಮ್ಮ ತೆಂಗಿನೆಣ್ಣೆ ಬಾಟಲಿಯಲ್ಲಿ ಕಲ್ಲಾಗಿರುತ್ತದೆ, ಹತ್ತು ಗಂಟೆಗೆ ಬಿಸಿಲು ಬಂದರೆ ನೀರು. ತುಪ್ಪದ ಹಾಗೆ ಮೆತ್ತಗಾಗುತ್ತಾ ಬರುವುದಿಲ್ಲ. ಒಂದೋ ಕಲ್ಲು, ಇಲ್ಲಾ ನೀರು. ಯಾಕೆ?

ಡೇರಿಲ್ಯಾಬ್_ಹಳಬ:
ತೆಂಗಿನೆಣ್ಣೆಯ ಬಾಲಗಳಲ್ಲಿ ಹೆಚ್ಚುಕಡಿಮೆ ಅರ್ಧ ಲಾರಿಕ್ ಆಮ್ಲ, 12 ಇಂಗಾಲದ ಗಿಡ್ಡ ನೆಟ್ಟಗಿನ ಬಾಲ. ಉಳಿದವೂ ಬಹುಪಾಲು ಅದರ ಅಕ್ಕಪಕ್ಕದ ಅಳತೆಯವು. ಸೊಟ್ಟ ಬಾಲ ತುಂಬ ಕಡಿಮೆ. ಎಲ್ಲರೂ ಒಂದೇ ಎತ್ತರದ ಮಕ್ಕಳು ಸಾಲಿನಲ್ಲಿ ನಿಂತ ಹಾಗೆ. ಹಾಗಾಗಿ ಒಟ್ಟಿಗೇ ಕೂರುತ್ತವೆ, 24-25 ಡಿಗ್ರಿ ದಾಟಿದರೆ ಒಟ್ಟಿಗೇ ಏಳುತ್ತವೆ. ತುಪ್ಪದಲ್ಲಿ ನಾಲ್ಕು ಇಂಗಾಲದ ಗಿಡ್ಡ ಬಾಲದಿಂದ ಹಿಡಿದು 18 ಇಂಗಾಲದವರೆಗೆ ಎಲ್ಲ ಇವೆ. ಒಂದೊಂದೂ ಒಂದೊಂದು ಬಿಸಿಗೆ ಕರಗುತ್ತದೆ. ಸೊನ್ನೆಗಿಂತ ಎಷ್ಟೋ ಕೆಳಗೆ ಶುರುವಾಗಿ 40ರ ಹತ್ತಿರದವರೆಗೂ ಕರಗುತ್ತಲೇ ಇರುತ್ತದೆ. ಅದಕ್ಕೇ ತುಪ್ಪಕ್ಕೆ ಇಷ್ಟೇ ಡಿಗ್ರಿಗೆ ಕರಗುತ್ತದೆ ಅಂತ ಒಂದೇ ಒಂದು ಸಂಖ್ಯೆ ಹೇಳಲು ಬರುವುದಿಲ್ಲ.

ಕೋಕೋತೋಟ_ಪುತ್ತೂರು:
ಓದಿ ಸುಮ್ಮನಿರಲು ಆಗಲಿಲ್ಲ. ನಮ್ಮದು ಅಡಿಕೆ ತೋಟ, ನಡುವೆ ಕೋಕೋ ಗಿಡ. ಕ್ಯಾಂಪ್ಕೋದ ಚಾಕಲೇಟ್ ಕಾರ್ಖಾನೆ 1986ರಿಂದ ನಮ್ಮೂರಿನಲ್ಲೇ ಇದೆ. ನಾನು ಎರಡು ವರ್ಷದಿಂದ ಮನೆಯಲ್ಲೇ ಬೀಜ ಹುದುಗಿಸಿ, ಒಣಗಿಸಿ, ಹುರಿದು ಚಾಕಲೇಟ್ ಮಾಡುತ್ತಿದ್ದೇನೆ. ಮೊದಲ ಆರು ತಿಂಗಳು ಒಂದೂ ಸರಿಯಾಗಲಿಲ್ಲ. ಅಚ್ಚಿನಿಂದ ಏಳುತ್ತಿರಲಿಲ್ಲ, ಮುರಿದರೆ ಚಟ್ ಅನ್ನುತ್ತಿರಲಿಲ್ಲ, ವಾರದಲ್ಲಿ ಮೇಲೆ ಬೂದಿ ಬಳಿದ ಹಾಗೆ ಬಿಳಿ. ಬೂಷ್ಟು ಅಂತ ಎಸೆದೂ ಬಿಟ್ಟೆ. ಆಮೇಲೆ ಗೊತ್ತಾಯಿತು, ಅದು ಬೂಷ್ಟಲ್ಲ, ಕೋಕೋ ಬೆಣ್ಣೆಯೇ ಮೇಲೆ ಬಂದು ಹರಳುಗಟ್ಟಿದ್ದು.

ಕೋಕೋ ಬೆಣ್ಣೆಗೆ ಆರು ರೂಪ. ವಿಲ್ಲಿ ಮತ್ತು ಲಟನ್ ಅನ್ನುವವರು 1966ರಲ್ಲಿ ಆರನ್ನೂ ಎಣಿಸಿ ಇಟ್ಟಿದ್ದಾರೆ. ಒಂದನೆಯದು ಸುಮಾರು 17 ಡಿಗ್ರಿಗೇ ಕರಗುತ್ತದೆ, ನಾಲ್ಕನೆಯದು 27-28ಕ್ಕೆ, ಐದನೆಯದು 34ರ ಹತ್ತಿರ, ಆರನೆಯದು 36ಕ್ಕೆ. ನಮಗೆ ಬೇಕಾದದ್ದು ಐದನೆಯದು ಮಾತ್ರ. ಕೈಯಲ್ಲಿ ಹಿಡಿದರೆ ಬೇಗ ಕರಗದು, ಬಾಯಿಗೆ ಹಾಕಿದರೆ ಕರಗುತ್ತದೆ. ಆದರೆ ಸುಮ್ನೆ ತಣಿಯಲು ಬಿಟ್ಟರೆ ಕೆಳಗಿನ ರೂಪಗಳೇ ಮೊದಲು ನುಗ್ಗುತ್ತವೆ. ಅದಕ್ಕೆ ಟೆಂಪರಿಂಗ್ ಮಾಡಬೇಕು. ಪೂರ್ತಿ 45-50ಕ್ಕೆ ಕರಗಿಸಿ ಹಳೆಯ ಹರಳುಗಳನ್ನೆಲ್ಲ ಅಳಿಸಬೇಕು. ಆಮೇಲೆ ಕೈಯಾಡಿಸುತ್ತಾ 27ಕ್ಕೆ ಇಳಿಸಬೇಕು, ಒಳ್ಳೆಯದು ಕೆಟ್ಟದ್ದು ಎರಡೂ ಮೊಳಕೆ ಒಡೆಯುತ್ತವೆ. ತಿರುಗಿ 31-32ಕ್ಕೆ ಏರಿಸಿದರೆ ಕೆಟ್ಟ ರೂಪಗಳು ಕರಗಿಹೋಗಿ ಐದನೆಯದರ ಮೊಳಕೆಗಳಷ್ಟೇ ಉಳಿಯುತ್ತವೆ. ಉಳಿದ ಬೆಣ್ಣೆಯೆಲ್ಲ ಅವುಗಳನ್ನೇ ನೋಡಿ ಸಾಲುಗಟ್ಟುತ್ತದೆ. ಮೊದಲ ಸಲ ಚಾಕಲೇಟ್ ಅಚ್ಚಿನಿಂದ ತಾನಾಗಿ ಕಳಚಿ ಬಿದ್ದ ದಿನ ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಒಂದು ಪ್ರಶ್ನೆ ಇನ್ನೂ ಉಳಿದಿದೆ ಸರ್. ಖರ್ಚು ಉಳಿಯಲಿ ಅಂತ ಒಮ್ಮೆ ಕೋಕೋ ಬೆಣ್ಣೆಯ ಜೊತೆ ತೆಂಗಿನೆಣ್ಣೆ ಸೇರಿಸಿದೆ. ಫ್ರಿಜ್ಜಿನಿಂದ ತೆಗೆದ ಐದು ನಿಮಿಷಕ್ಕೆ ಕೆಸರು. ಟೆಂಪರಿಂಗ್ ಸರಿಯಾಗೇ ಮಾಡಿದ್ದೆ. ಎರಡರ ಮಧ್ಯದ ಗಟ್ಟಿತನವಾದರೂ ಬರಬೇಕಿತ್ತಲ್ಲ?

ಡೇರಿಲ್ಯಾಬ್_ಹಳಬ:
ಈ ಪ್ರಶ್ನೆಗೇ ಕಾಯುತ್ತಿದ್ದೆ. ಮಧ್ಯದ ಗಟ್ಟಿತನ ಬರುವುದಿಲ್ಲ! ಕೊಬ್ಬುಗಳನ್ನು ಬೆರೆಸಿದಾಗ ಸರಾಸರಿ ಲೆಕ್ಕ ಹಾಕಿ ಕೂರುವವರು ಎಲ್ಲರೂ ಎಡವುವುದು ಇಲ್ಲೇ.

ರೇಡಿಯೋ ರಿಪೇರಿ ಅಂಗಡಿಯ ಬೆಸುಗೆ ತಂತಿ ನೆನಪಿಸಿಕೊಳ್ಳಿ. ತವರ 232 ಡಿಗ್ರಿಗೆ ಕರಗುತ್ತದೆ, ಸೀಸ 327ಕ್ಕೆ. ಎರಡನ್ನೂ ಸರಿಯಾದ ಪಾಲಿನಲ್ಲಿ ಬೆರೆಸಿದರೆ 183ಕ್ಕೇ ಕರಗುತ್ತದೆ. ಇಬ್ಬರಿಗಿಂತಲೂ ಕೆಳಗೆ. ಇದಕ್ಕೆ ಯೂಟೆಕ್ಟಿಕ್ ಅನ್ನುತ್ತಾರೆ. ಒಬ್ಬರ ಸಾಲಿನಲ್ಲಿ ಇನ್ನೊಬ್ಬರು ಕೂರಲಾರರು, ಜೊತೆಗಿದ್ದು ಒಬ್ಬರ ಜೋಡಣೆಯನ್ನು ಇನ್ನೊಬ್ಬರು ಕೆಡಿಸುತ್ತಾರೆ. ಕೋಕೋ ಬೆಣ್ಣೆಯ ಅಣುಗಳಲ್ಲಿ ಹೆಚ್ಚಿನವು ಒಂದೇ ಆಕಾರದವು. ಅಂಚಿನ ಎರಡು ಬಾಲ ನೆಟ್ಟಗೆ ಉದ್ದ, ಪಾಮಿಟಿಕ್ ಅಥವಾ ಸ್ಟಿಯರಿಕ್. ನಡುವೆ ಸೊಟ್ಟ ಓಲಿಯಿಕ್. ತೆಂಗಿನೆಣ್ಣೆಯ ಅಣು ಗಿಡ್ಡ, ಆಕಾರವೇ ಬೇರೆ. ಹಾಗಾಗಿ ಬೆರೆತದ್ದು ಕೆಸರು. ಹಾಲಿನ ಕೊಬ್ಬು ಸೇರಿದರೂ ಸ್ವಲ್ಪ ಮೆತ್ತಗಾಗುತ್ತದೆ, ಅದಕ್ಕೇ ಹಾಲಿನ ಚಾಕಲೇಟಿನ ಟೆಂಪರಿಂಗ್ ಒಂದೆರಡು ಡಿಗ್ರಿ ಕೆಳಗೆ.

ಇನ್ನೊಂದು ಸುದ್ದಿ ನಿಮಗೆ ಇಷ್ಟವಾಗಬಹುದು. ಕೆನಡಾದ ಗುವೆಲ್ಫ್ ವಿಶ್ವವಿದ್ಯಾಲಯದ ಮರಂಗೋನಿ ಅವರ ತಂಡ 2021ರಲ್ಲಿ ಒಂದು ಕೆಲಸ ಪ್ರಕಟಿಸಿತು. ಕೋಕೋ ಬೆಣ್ಣೆಗೆ ತೀರಾ ಅಲ್ಪ ಪ್ರಮಾಣದಲ್ಲಿ ಒಂದು ಬಗೆಯ ಫಾಸ್ಫೋಲಿಪಿಡ್ (ಕೊಬ್ಬಿಗೆ ಹತ್ತಿರದ ಜಾತಿಯ ಅಣು) ಸೇರಿಸಿ ಬೇಗ ತಣಿಸಿದರೆ, ಈ ಏರಿಳಿತದ ಕಷ್ಟವಿಲ್ಲದೆ ಐದನೇ ರೂಪ ಬರುತ್ತದೆ ಅಂತ ತೋರಿಸಿದರು. ಚಿಟಿಕೆಯಷ್ಟು ಬೇರೆ ಅಣು ಇಡೀ ಜೋಡಣೆಯ ದಾರಿಯನ್ನೇ ಬದಲಿಸುತ್ತದೆ. ನನಗಂತೂ ಇದು ಬಹಳ ಸೊಗಸಾದ ಕೆಲಸ.

ಮುರುಗಲು_ಶಿರಸಿ:
ಹಾಗಾದರೆ ನಮ್ಮ ಮುರುಗಲು (ಪುನರ್ಪುಳಿ, ಕೋಕಂ) ತುಪ್ಪ ಕೋಕೋ ಜೊತೆ ಹೊಂದುತ್ತದಾ? ಪುತ್ತೂರಿನ ಅಣ್ಣನಿಗೂ ಉಪಯೋಗ ಆಗಬಹುದು. ನಮ್ಮಲ್ಲಿ ಪುನರ್ಪುಳಿ ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಕೊಬ್ಬು ತೆಗೆದು ಉಂಡೆ ಕಟ್ಟಿ ಇಡುವ ರೂಢಿ ಇದೆ. ಅಮ್ಮ ಹಿಮ್ಮಡಿ ಒಡೆದದ್ದಕ್ಕೆ ಅದನ್ನೇ ಹಚ್ಚುತ್ತಿದ್ದರು. ಬೇಸಿಗೆಯಲ್ಲೂ ಕರಗುವುದಿಲ್ಲ.

ನನ್ನ ತೊಂದರೆ ಬೇರೆ. ಮುರುಗಲು ತುಪ್ಪ, ತೆಂಗಿನೆಣ್ಣೆ, ಜೇನುಮೇಣ ಸೇರಿಸಿ ತುಟಿಗೆ ಹಚ್ಚುವ ಮುಲಾಮು ಮಾಡುತ್ತೇನೆ. ಮಾಡಿದ ದಿನ ಬೆಣ್ಣೆಯ ಹಾಗೆ. ಎರಡು ವಾರಕ್ಕೆ ಒಳಗೆಲ್ಲ ಮರಳು ಮರಳು. ಕೊಂಡವರೊಬ್ಬರು ವಾಪಸ್ ಕಳಿಸಿದರು.

ಡೇರಿಲ್ಯಾಬ್_ಹಳಬ:
ಚೆನ್ನಾಗಿ ಹೊಂದುತ್ತದೆ ತಂಗಿ. ಮುರುಗಲು ತುಪ್ಪದ ಹೆಚ್ಚಿನ ಅಣುಗಳು ಸ್ಟಿಯರಿಕ್-ಓಲಿಯಿಕ್-ಸ್ಟಿಯರಿಕ್, ಕೋಕೋ ಬೆಣ್ಣೆಯಲ್ಲಿರುವ ಆಕಾರವೇ. ಅದೇ ಸಾಲಿನಲ್ಲಿ ಕೂತುಕೊಳ್ಳುತ್ತದೆ, ಜೊತೆಗೆ ಕರಗುವ ಬಿಸಿಯನ್ನು ಸ್ವಲ್ಪ ಏರಿಸುತ್ತದೆ, ಯಾಕೆಂದರೆ ಅದು ತಾನೇ 40ರ ಹತ್ತಿರದವರೆಗೆ ಗಟ್ಟಿ. ನಮ್ಮ ಸೆಕೆಗೆ ಇದು ದೊಡ್ಡ ಗುಣ. ಯುರೋಪಿನ ಒಕ್ಕೂಟದ 2000ರ ಚಾಕಲೇಟ್ ನಿಯಮದಲ್ಲಿ ಕೋಕೋ ಬೆಣ್ಣೆಯ ಜೊತೆ ನೂರಕ್ಕೆ 5ರವರೆಗೆ ಬಳಸಬಹುದಾದ ಆರು ಕೊಬ್ಬುಗಳ ಪಟ್ಟಿ ಇದೆ. ಅದರಲ್ಲಿ ಮುರುಗಲು ಇದೆ, ಸಾಲ್ ಮರದ ಕೊಬ್ಬು ಇದೆ, ಮಾವಿನ ಓಟೆಯ ಕೊಬ್ಬೂ ಇದೆ.

ಮುಲಾಮಿನಲ್ಲಿ ಆಗುತ್ತಿರುವುದು ತುಮಕೂರಿನ ಅಮ್ಮನ ಡಬ್ಬಿಯಲ್ಲಿ ಆದದ್ದೇ, ನಿಧಾನವಾಗಿ. ಮಧ್ಯಾಹ್ನದ ಸೆಕೆಗೆ ಸ್ವಲ್ಪ ಕರಗಿ, ರಾತ್ರಿ ಗಟ್ಟಿಯಾಗಿ, ದಿನಾ ಹೀಗೇ ನಡೆದು ಸ್ಟಿಯರಿಕ್ ಜಾಸ್ತಿ ಇರುವ ಅಣುಗಳು ಬೇರೆಯಾಗಿ ಗುಂಪುಗೂಡುತ್ತವೆ. ಎಲ್ಲವನ್ನೂ ಒಟ್ಟಿಗೆ 70-75ಕ್ಕೆ ಬಿಸಿ ಮಾಡಿ ಹದಿನೈದು ನಿಮಿಷ ಹಾಗೇ ಇಡಿ. ಕಣ್ಣಿಗೆ ಕರಗಿದ ಹಾಗೆ ಕಂಡರೂ ಹಳೆಯ ಹರಳಿನ ತುಣುಕು ಒಳಗೆ ಉಳಿದಿರುತ್ತದೆ. ಆಮೇಲೆ ತಣ್ಣೀರಿನ ತಟ್ಟೆಯಲ್ಲಿ ಪಾತ್ರೆ ಇಟ್ಟು ಬಿಡದೆ ಕೈಯಾಡಿಸಿ, ಮಂದವಾಗುವಾಗ ಸಣ್ಣ ಡಬ್ಬಿಗೆ ಸುರಿದು ಕೂಡಲೇ ಫ್ರಿಜ್ಜಿಗೆ. ದೊಡ್ಡ ಡಬ್ಬಿ ಬೇಡ, ಅದರ ನಡುಭಾಗ ತಣಿಯಲು ತಡ. ತೆಂಗಿನೆಣ್ಣೆಯ ಪಾಲು ಸ್ವಲ್ಪ ಕಡಿಮೆ ಮಾಡಿ ನೋಡಿ.

ಬೇಕರಿ_ಹಾಸನ:
ನಮ್ಮ ಪಫ್ಸ್ ಬಗ್ಗೆಯೂ ಹೇಳಿ ಸರ್. ಬೆಣ್ಣೆ ಹಾಕಿ ಪದರ ಮಡಚಿದರೆ ಮಧ್ಯಾಹ್ನದ ಸೆಕೆಗೆ ಹಿಟ್ಟಿನೊಳಗೆ ಇಂಗಿಹೋಗುತ್ತದೆ. ಬೇಕರಿಯ ಮಾರ್ಗರಿನ್ ಹಾಗೆ ಮಾಡುವುದಿಲ್ಲ.

ಡೇರಿಲ್ಯಾಬ್_ಹಳಬ:
ಪದರಕ್ಕೆ ಬೇಕಾದ ಕೊಬ್ಬು ಚಳಿಗೆ ಒಡೆಯಬಾರದು, ಸೆಕೆಗೆ ಸೋರಬಾರದು. ಬೆಣ್ಣೆ 20ರಿಂದ 30ಕ್ಕೆ ಹೋಗುವಷ್ಟರಲ್ಲಿ ತನ್ನ ಗಟ್ಟಿ ಪಾಲನ್ನು ಹೆಚ್ಚುಕಡಿಮೆ ಕಳೆದುಕೊಳ್ಳುತ್ತದೆ. ಮಾರ್ಗರಿನ್ನಿನಲ್ಲಿ ಈ ಇಳಿತ ನಿಧಾನವಾಗುವ ಹಾಗೆ ಕೊಬ್ಬುಗಳನ್ನು ಆರಿಸಿರುತ್ತಾರೆ, ಹರಳು ಬೀಟಾ ಪ್ರೈಮ್ ರೂಪದಲ್ಲಿ ಸಣ್ಣ ಸೂಜಿಗಳ ಹಾಗೆ ಇರುವಂತೆ ನೋಡಿಕೊಳ್ಳುತ್ತಾರೆ. ಹಿಂದೆ ಇದಕ್ಕೆ ಎಣ್ಣೆಗೆ ಹೈಡ್ರೋಜನ್ ಸೇರಿಸುತ್ತಿದ್ದರು. ಜರ್ಮನಿಯ ನೋರ್ಮನ್ 1902ರಲ್ಲಿ ಪೇಟೆಂಟ್ ಪಡೆದ ವಿಧಾನ ಅದು. ಅದರಿಂದ ಸೊಟ್ಟ ಬಾಲಗಳು ನೆಟ್ಟಗಾಗುತ್ತವೆ. ಆದರೆ ಅರ್ಧಕ್ಕೆ ನಿಲ್ಲಿಸಿದರೆ ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ, ಹೃದಯಕ್ಕೆ ಕೆಟ್ಟದ್ದು. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಎಣ್ಣೆ, ಕೊಬ್ಬುಗಳಲ್ಲಿ ಅದು ನೂರಕ್ಕೆ 2 ಮೀರಬಾರದು. ಈಗ ತಾಳೆ ಎಣ್ಣೆಯ ಗಟ್ಟಿ ಭಾಗವನ್ನು ಬೇರೆ ಎಣ್ಣೆಗಳ ಜೊತೆ ಸೇರಿಸಿ, ಅಣುಗಳ ಬಾಲಗಳನ್ನೇ ಅದಲುಬದಲು ಮಾಡುತ್ತಾರೆ. ಬಾಲಗಳ ಲೆಕ್ಕ ಮೊದಲಿನಷ್ಟೇ, ಯಾವ ಅಣುವಿಗೆ ಯಾವುದು ಅನ್ನುವುದು ಮಾತ್ರ ಬದಲು. ಅಷ್ಟರಿಂದಲೇ ಗಟ್ಟಿತನ ಬೇರೆಯಾಗುತ್ತದೆ. ನೀವು ಬೆಣ್ಣೆಯಲ್ಲೇ ಮಾಡಬೇಕೆಂದರೆ ಬೆಳಗಿನ ಜಾವ ಮಡಚಿ, ಪ್ರತಿ ಮಡಿಕೆಗೂ ಹಿಟ್ಟನ್ನು ಫ್ರಿಜ್ಜಿನಲ್ಲಿಡಿ.

ಎಮ್ಮೆಹಾಲು_ತುಮಕೂರು:
ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ನೀವು ಹೇಳಿದ್ದನ್ನೆಲ್ಲ ಮಗಳಿಗೆ ಓದಿ ಹೇಳಿದೆ. ಅವಳು ಒಂದು ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು, ಇನ್ನೂ ಮಬ್ಬು ಮಬ್ಬಾಗಿರುವಾಗಲೇ ತೆಗೆದು ಹೊರಗಿಟ್ಟಳು. ಮಾರನೇ ದಿನ ಮತ್ತೆ ನುಣುಪೇ ಬಂತು. ಫೋನ್ ಮಾಡಿ "ಬರಲಿಲ್ಲ ಅಮ್ಮಾ" ಅಂದಳು. ಹಳೆಯ ಹರಳಿನ ತುಣುಕು ಉಳಿದಿರಬೇಕು ಅಂತ ನನಗೆ ಹೊಳೆಯಿತು, ಮುಲಾಮಿಗೆ ಹೇಳಿದಿರಲ್ಲ ಸರ್, ಅದು. ತುಪ್ಪವನ್ನು ಪಾತ್ರೆಗೆ ಹಾಕಿ ಚೆನ್ನಾಗಿ ಕಾಯಿಸು ಅಂದೆ. ಕನ್ನಡಿಯಂತೆ ತಿಳಿಯಾದ ಮೇಲೂ ಹತ್ತು ನಿಮಿಷ ಸಣ್ಣ ಉರಿಯಲ್ಲಿಟ್ಟು, ಸ್ಟೀಲ್ ಡಬ್ಬಿಗೆ ಸುರಿದು, ದಪ್ಪ ಟವೆಲ್ ಸುತ್ತಿ ಅಲುಗಾಡಿಸದೆ ಇಟ್ಟಿದ್ದಾಳೆ. ಇವತ್ತು ಬೆಳಿಗ್ಗೆ ಫೋಟೋ ಕಳಿಸಿದಳು. ಚಮಚದ ತುಂಬ ಹರಳು, ನನ್ನ ಡಬ್ಬಿಗಿಂತ ದಪ್ಪ.

ಇನ್ನೊಂದು ಬಾಟಲಿಯನ್ನು ಹಾಗೇ ನುಣ್ಣಗೆ ಇಟ್ಟುಕೊಂಡಿದ್ದಾಳೆ. ಚಪಾತಿಗೆ ಸವರಲು ಅದೇ ಸಲೀಸಂತೆ.

ಮುರುಗಲು_ಶಿರಸಿ:
ಟವೆಲ್ ಸುತ್ತುವುದು ಒಳ್ಳೆಯ ಉಪಾಯ ಅಕ್ಕ. ನಾನು ಇವತ್ತು ಮುಲಾಮು ಕಾಯಿಸಲು ಇಟ್ಟಿದ್ದೇನೆ, ನನ್ನದು ಇದರ ಉಲ್ಟಾ ಆಗಬೇಕು. ಆರು ಡಬ್ಬಿ ಫ್ರಿಜ್ಜಿಗೆ, ಎರಡು ಹೊರಗೆ. ಎರಡು ವಾರ ಬಿಟ್ಟು ಇಲ್ಲೇ ಬರೆಯುತ್ತೇನೆ.